ಹನ್ನೊಂದು ಮಕ್ಕಳು, ನಲವತ್ತೆಂಟು ದಿನ

ಏಪ್ರಿಲ್ ಹತ್ತು ಎಂದರೆ ಕರ್ನಾಟಕದಲ್ಲಿ ಓದಿ ಬೆಳೆದವರಿಗೆ ಬೇರೆ ವಿವರಣೆ ಬೇಕಿಲ್ಲ. ಪಾಸೋ ನಪಾಸೋ ಗೊತ್ತಾಗುವ ದಿನ ಅದು. ಶಾಲೆಯ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ತನ್ನ ನಂಬರು ಹುಡುಕಿ, ಸಿಕ್ಕಿದ ಖುಷಿಗೆ ಪೆಪ್ಪರಮಿಂಟು ಹಂಚಿ ಮನೆಗೆ ಓಡಿಬಂದರೆ ಪಾಟೀಚೀಲ ಮೂಲೆ ಸೇರುತ್ತಿತ್ತು. ಮರುದಿನ ಮೊದಲ ಬಸ್ಸಿಗೆ ಅಜ್ಜಿಮನೆ. ಬಸ್ಸಿಳಿಯುವಾಗ ಅಮ್ಮನ ಕೈಯಲ್ಲಿ ಒಂದು ಟ್ರಂಕು, ಮಕ್ಕಳ ಕೈಯಲ್ಲಿ ಏನೂ ಇಲ್ಲ. ಆಟದ ಸಾಮಾನು ಕೊಂಡೊಯ್ಯಬೇಕು ಎಂಬ ಯೋಚನೆಯೇ ಯಾರಿಗೂ ಬರುತ್ತಿರಲಿಲ್ಲ.

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ 2024ರಲ್ಲೂ 2025ರಲ್ಲೂ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ ಇತ್ತು. ಅಂದರೆ 48 ದಿನ. ಒಂದು ಮಗು ದಿನಕ್ಕೆ 14 ಗಂಟೆ ಎಚ್ಚರವಾಗಿರುತ್ತದೆ ಎಂದಿಟ್ಟುಕೊಂಡರೆ 672 ಗಂಟೆ. ಅಂಥ ಹನ್ನೊಂದು ಮಕ್ಕಳು ಒಂದೇ ಸೂರಿನ ಕೆಳಗೆ ಸೇರಿದರೆ ಒಟ್ಟು 7,392 ಗಂಟೆ. ಈ ಲೆಕ್ಕ ಕೇಳಿದರೆ ಇವತ್ತಿನ ಯಾವ ತಾಯಿಗೂ ತಲೆ ಗಿರ್ರೆನ್ನಬೇಕು. ಆದರೆ ನಾಲ್ಕು ದಶಕಗಳ ಹಿಂದೆ ಹನ್ನೊಂದು, ಹದಿನೈದು, ಕೆಲವು ಮನೆಗಳಲ್ಲಿ ಇಪ್ಪತ್ತು ಮಕ್ಕಳನ್ನು ಒಂದೂವರೆ ತಿಂಗಳು ಸಂಭಾಳಿಸಿದ ಅಜ್ಜಿಯರ ಬಳಿ ವೇಳಾಪಟ್ಟಿಯೂ ಇರಲಿಲ್ಲ, ‘ಆಕ್ಟಿವಿಟಿ’ ಎಂಬ ಪದವೂ ಇರಲಿಲ್ಲ. ಅವರನ್ನು ಕೇಳಿದರೆ ಬರುವ ಉತ್ತರ ಹೆಚ್ಚುಕಮ್ಮಿ ಒಂದೇ: ‘ಒಂದು ಮಗು ಇದ್ದರೆ ಕಷ್ಟ ಕಣೋ. ಹತ್ತು ಇದ್ದರೆ ಅವುಗಳ ಪಾಡಿಗೆ ಅವು.’

ಈ ಮಾತಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದೆ. ಬಹುಪಾಲು ನಿಜವೂ ಇದೆ. ಒಂಟಿ ಮಗುವಿಗೆ ಆಟದ ಜೊತೆಗಾರ ದೊಡ್ಡವರೇ ಆಗಬೇಕು; ಮಗು ಅರ್ಧ ಗಂಟೆಗೊಮ್ಮೆ ಬಂದು ‘ಈಗ ಏನು ಮಾಡಲಿ?’ ಎಂದು ನಿಲ್ಲುತ್ತದೆ. ಹನ್ನೊಂದು ಮಕ್ಕಳಿರುವ ಕಡೆ ಆ ಪ್ರಶ್ನೆ ದೊಡ್ಡವರ ತನಕ ಬರುವುದೇ ಇಲ್ಲ. ಬರುವುದು ದೂರು ಮಾತ್ರ.

ಹನ್ನೊಂದು ಮಕ್ಕಳನ್ನು ಒಂದೆಡೆ ಕೂಡಿಸುವುದೇ ಈಗ ಕಷ್ಟ, ಆ ಮಾತು ಬೇರೆ. ಅಜ್ಜಿಗೆ ಆರು ಮಕ್ಕಳು, ಅವರಿಗೆ ತಲಾ ಮೂವರು ಎಂದರೆ ಮೊಮ್ಮಕ್ಕಳು ಹದಿನೆಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವಂತಿಕೆ ದರ 1.7. ಇಬ್ಬರು ಮಕ್ಕಳ ಅಜ್ಜಿಗೆ ಮೂರೋ ನಾಲ್ಕೋ ಮೊಮ್ಮಕ್ಕಳು, ಅಷ್ಟೆ. ಹಾಗಾಗಿ ಇವತ್ತಿನ ‘ದೊಡ್ಡ ಸಂಸಾರ’ ಎಂದರೆ ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ, ಅಮ್ಮನ ಕಡೆಯ ದಾಯಾದಿ, ಎದುರು ಮನೆಯ ಎರಡು ಮಕ್ಕಳು, ಎಲ್ಲವನ್ನೂ ಕೂಡಿಸಿದ್ದು.

ಮಕ್ಕಳು ಕೂಡಿದ ಮೇಲೆ ಏನಾಗುತ್ತಿತ್ತು ಎಂಬುದನ್ನು ನೋಡಬೇಕಾದರೆ ಮಲೆನಾಡಿನ ಮನೆಯೊಂದರ ಹಪ್ಪಳದ ದಿನವನ್ನು ನೋಡಬೇಕು. ತೀರ್ಥಹಳ್ಳಿ, ಸಾಗರ, ಶಿರಸಿ, ಶೃಂಗೇರಿ, ಘಟ್ಟದ ಕೆಳಗೆ ಪುತ್ತೂರು, ಸುಳ್ಯ, ಎಲ್ಲ ಕಡೆಯೂ ವಿವರದಲ್ಲಿ ಚೂರುಪಾರು ವ್ಯತ್ಯಾಸ, ಒಟ್ಟು ಕತೆ ಅದೇ.

ಹಪ್ಪಳದ ದಿನ ಬೆಳಗಾಗುವುದು ಬೇಗ. ಬಿಸಿಲು ಬಲಿಯುವ ಮೊದಲು ಹಪ್ಪಳ ಚಾಪೆಯ ಮೇಲಿರಬೇಕು. ಬಲಿತ, ಆದರೆ ಇನ್ನೂ ಹಣ್ಣಾಗದ ಹಲಸಿನಕಾಯಿಯನ್ನು ದೊಡ್ಡವರು ಕೊಚ್ಚುತ್ತಾರೆ. ಮೇಣ ಅಂಟಬಾರದೆಂದು ಕತ್ತಿಗೂ ಕೈಗೂ ಕೊಬ್ಬರಿ ಎಣ್ಣೆ. ಹನ್ನೆರಡು ಹದಿಮೂರರ ಹುಡುಗಿಯರು, ಹುಡುಗರು ಸುತ್ತ ಕುಳಿತು ತೊಳೆ ಬಿಡಿಸಬೇಕು. ಬೇಳೆ ಒಂದು ಬುಟ್ಟಿಗೆ, ತೊಳೆ ಇನ್ನೊಂದಕ್ಕೆ, ಉಳಿದದ್ದು ಕೊಟ್ಟಿಗೆಯ ದನಗಳಿಗೆ. ತೊಳೆ ಹಬೆಯಲ್ಲಿ ಬೆಂದ ಮೇಲೆ ಒರಳಿಗೆ ಬೀಳುತ್ತದೆ. ಉಪ್ಪು, ಮೆಣಸು, ಕೊತ್ತಂಬರಿ, ಜೀರಿಗೆ. ಒನಕೆ ಎತ್ತಲು ಆಗದ ಮಕ್ಕಳೂ ‘ನಾನೊಂದ್ಸಲ, ನಾನೊಂದ್ಸಲ’ ಎಂದು ಸರದಿಗೆ ನಿಲ್ಲುತ್ತವೆ. ಹಿಟ್ಟು ಹದಕ್ಕೆ ಬಂದಿತೋ ಇಲ್ಲವೋ ನೋಡುವ ನೆಪದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಚಿಟಿಕೆ, ಮೇಲೆ ಎರಡು ತೊಟ್ಟು ಕೊಬ್ಬರಿ ಎಣ್ಣೆ. ಈ ರುಚಿ ನೋಡುವ ಕಾರ್ಯಕ್ರಮ ಎರಡು ಮೂರು ಸುತ್ತು ನಡೆಯುತ್ತದೆ. ಹಿಟ್ಟು ಎಷ್ಟು ಕಡಿಮೆಯಾಗುತ್ತದೆ ಎಂಬುದು ಅಜ್ಜಿಗೆ ಗೊತ್ತು. ಒಂದು ಕಾಯಿ ಹೆಚ್ಚಿಗೆ ಕೊಯ್ಸಿಟ್ಟಿರುತ್ತಾಳೆ.

ಆಮೇಲೆ ಕೆಲಸ ವಯಸ್ಸಿಗೆ ತಕ್ಕಂತೆ ತಾನಾಗಿಯೇ ಹಂಚಿಹೋಗುತ್ತದೆ. ಉಂಡೆ ಕಟ್ಟುವುದು ಏಳೆಂಟರವರು. ಎರಡು ಮಣೆಗಳ ನಡುವೆ ಎಣ್ಣೆ ಸವರಿದ ಹಾಳೆಯಿಟ್ಟು ಒತ್ತುವುದು ತುಸು ದೊಡ್ಡವರು. ಮಣೆಯ ಮೇಲೆ ಮೈಭಾರವೆಲ್ಲ ಹಾಕಬೇಕಾದ್ದರಿಂದ ದಪ್ಪಗಿರುವ ಹುಡುಗನಿಗೆ ವರ್ಷದಲ್ಲಿ ಈ ಒಂದು ದಿನ ವಿಶೇಷ ಮರ್ಯಾದೆ. ಒತ್ತಿದ್ದನ್ನು ಹರಿಯದಂತೆ ಅಂಗಳಕ್ಕೆ ಹೊತ್ತು ಚಾಪೆಯ ಮೇಲೆ ಮಗುಚುವುದು ಐದಾರರವರು. ಮಧ್ಯೆ ಯಾರೋ ಎಣಿಸುತ್ತಿರುತ್ತಾರೆ. ನೂರ ಇಪ್ಪತ್ತೋ ನೂರ ಮೂವತ್ತೋ ಎಂದು ಜಗಳ. ಮತ್ತೆ ಮೊದಲಿನಿಂದ ಎಣಿಕೆ. ಹೀಗೆ ಲೆಕ್ಕದ ಮೇಷ್ಟರು ವರ್ಷವಿಡೀ ಮಾಡಿಸಲಾಗದ್ದು ಅರ್ಧ ಗಂಟೆಯಲ್ಲಿ ಆಗಿಬಿಡುತ್ತದೆ.

ಎಲ್ಲಕ್ಕಿಂತ ಕಿರಿಯರಿಗೆ ಎಲ್ಲಕ್ಕಿಂತ ಜವಾಬ್ದಾರಿಯ ಹುದ್ದೆ: ಕಾಗೆ ಕಾಯುವುದು. ಕೈಯಲ್ಲೊಂದು ಉದ್ದನೆಯ ಕೋಲು, ತಲೆಗೊಂದು ಅಡಿಕೆ ಹಾಳೆಯ ಟೋಪಿ, ಕೂರಲು ಮಾವಿನ ಮರದ ನೆರಳು. ಕಾಗೆ ಹೆದರಲಿ ಎಂದು ಚಾಪೆಯ ಮೂಲೆಗೆ ಕಪ್ಪು ಕೊಡೆ ಬಿಡಿಸಿ ಇಡುವುದೂ ಉಂಟು. ಕಾಗೆ ಕೊಡೆಯನ್ನು ಎರಡೇ ದಿನದಲ್ಲಿ ಅರ್ಥ ಮಾಡಿಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಹಪ್ಪಳದ ಅಂಚು ಗಟ್ಟಿಯಾಗಿ ನಡು ಇನ್ನೂ ಮೆತ್ತಗಿರುವಾಗ ಅದಕ್ಕೊಂದು ರುಚಿ ಇದೆ. ಕಾವಲುಗಾರರಿಗೆ ಮಾತ್ರ ಗೊತ್ತಿರುವ ರುಚಿ. ಸಂಜೆ ಲೆಕ್ಕದಲ್ಲಿ ಏಳೆಂಟು ಕಡಿಮೆ ಬಂದರೆ ತಪ್ಪೆಲ್ಲ ಕಾಗೆಯದು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆ ಹಪ್ಪಳ ಮಕ್ಕಳನ್ನು ಸುಮ್ಮನಿರಿಸಲು ಹೂಡಿದ್ದಲ್ಲ. ಆಷಾಢದ ಜಡಿಮಳೆಯಲ್ಲಿ ತರಕಾರಿ ಸಿಗದಿದ್ದಾಗ ಗಂಜಿಯ ಬದಿಗೆ ಸುಟ್ಟ ಹಪ್ಪಳ ಬೇಕೇ ಬೇಕು. ಮೇ ತಿಂಗಳ ಬಿಸಿಲು ತಪ್ಪಿದರೆ ವರ್ಷವೇ ತಪ್ಪಿದಂತೆ. ಮಕ್ಕಳಿಗೆ ಇದು ಗೊತ್ತು. ಒಂದು ಕೆಲಸ ನಿಜವಾಗಿ ಆಗಬೇಕಾದ್ದೋ, ತಮ್ಮನ್ನು ಆಚೆ ಸಾಗಹಾಕಲು ಹುಟ್ಟಿಸಿದ್ದೋ ಎಂಬುದನ್ನು ನಾಲ್ಕು ವರ್ಷದ ಮಗುವೂ ಮೂಸಿ ಹೇಳುತ್ತದೆ. ನಗರದ ಶಿಬಿರಗಳಲ್ಲಿ ಸಾವಿರಾರು ರೂಪಾಯಿ ಶುಲ್ಕ ಕಟ್ಟಿ ಮಾಡಿಸಿದ ಜೇಡಿಮಣ್ಣಿನ ಕುಡಿಕೆ ವಾರದಲ್ಲಿ ಶೋಕೇಸು ಸೇರಿ, ತಿಂಗಳಲ್ಲಿ ಮರೆತು ಹೋಗುವುದಕ್ಕೆ ಮಗುವಿನ ಕೈಯ ದೋಷ ಕಾರಣವಲ್ಲ. ಆ ಕುಡಿಕೆ ಯಾರಿಗೂ ಬೇಕಿರಲಿಲ್ಲ.

ಘಟ್ಟದ ಮೇಲಿನ ಬಯಲಿಗೆ ಬಂದರೆ ಹಪ್ಪಳದ ಜಾಗಕ್ಕೆ ಶಾವಿಗೆ ಬರುತ್ತದೆ. ಧಾರವಾಡ, ಗದಗ, ವಿಜಯಪುರದ ಕಡೆ ರಜೆಗೆ ‘ಸೂಟಿ’ ಎನ್ನುತ್ತಾರೆ. ಸೂಟಿ ಬಿಟ್ಟಿತೆಂದರೆ ಓಣಿಯ ಹೆಂಗಸರು ಒಬ್ಬರ ಮನೆಯಲ್ಲಿ ಇಂದು, ಇನ್ನೊಬ್ಬರ ಮನೆಯಲ್ಲಿ ನಾಳೆ ಎಂದು ಸೇರಿ, ಓರೆಯಾಗಿ ನಿಲ್ಲಿಸಿದ ಶಾವಿಗೆ ಮಣೆಯ ಮೇಲೆ ನಾದಿದ ಹಿಟ್ಟನ್ನು ಹೊಸೆದು ಎಳೆ ಇಳಿಸುತ್ತಾರೆ. ಇಳಿದ ಎಳೆಯನ್ನು ಕೋಲಿನ ಮೇಲೆ ಹಿಡಿದು, ಕಡಿಯದಂತೆ ನಡೆದು, ನೆರಳಲ್ಲಿ ಒಣಹಾಕುವ ಕೆಲಸ ಮಕ್ಕಳದು. ಓಡುವಂತಿಲ್ಲ. ಹತ್ತು ಹೆಜ್ಜೆ ಉಸಿರು ಬಿಗಿಹಿಡಿದು ನಡೆಯುವ ಹುಡುಗನನ್ನು ಅವನ ಶಾಲೆಯ ಮಾಸ್ತರರು ನೋಡಿದರೆ ಗುರುತೇ ಹತ್ತಲಿಕ್ಕಿಲ್ಲ. ಆ ಹೊತ್ತಿನ ಊಟಕ್ಕೆ ಶಾವಿಗೆಯ ಜೊತೆ ಮಾವಿನ ಹಣ್ಣಿನ ಸೀಕರಣೆ.

ಬಯಲುಸೀಮೆಯ ಹಗಲು ಮಕ್ಕಳಿಗೆ ಹೇಳಿ ಮಾಡಿಸಿದ್ದಲ್ಲ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್ ಕೊನೆಗೆ ಪಾದರಸ 42 ಡಿಗ್ರಿ ದಾಟುವುದು ಹೊಸದೇನಲ್ಲ. ಅದಕ್ಕೇ ಅಲ್ಲಿನ ರಜೆ ಬೆಳಗಿನ ಮೂರು ತಾಸು ಮತ್ತು ರಾತ್ರಿಯದು. ಮಣ್ಣಿನ ಮಾಳಿಗೆಯ ಮೇಲೆ ನೀರು ಚಿಮುಕಿಸಿ, ಸಾಲಾಗಿ ಕೌದಿ ಹಾಸಿದರೆ ಹನ್ನೊಂದು ಮಕ್ಕಳಿಗೂ ಒಂದೇ ಹಾಸಿಗೆ. ಯಾರು ನಡುವೆ, ಯಾರು ಅಂಚಿಗೆ ಎಂಬ ವ್ಯಾಜ್ಯ ತೀರುವಷ್ಟರಲ್ಲಿ ಅರ್ಧ ತಾಸು. ಮಲಗಿದ ಮೇಲೆ ಮೇಲೊಂದು ಇಡೀ ಆಕಾಶ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಸಪ್ತರ್ಷಿ ಮಂಡಲ ಉತ್ತರಕ್ಕೆ ಎತ್ತರದಲ್ಲಿರುತ್ತದೆ. ಅದರ ಹಿಡಿಯ ಬಾಗನ್ನು ಹಾಗೇ ಮುಂದಕ್ಕೆ ಎಳೆದುಕೊಂಡು ಹೋದರೆ ಕೇಸರಿ ಬಣ್ಣದ ಸ್ವಾತಿ, ಇನ್ನೂ ಮುಂದೆ ಹೋದರೆ ಬೆಳ್ಳಗಿನ ಚಿತ್ರಾ. ಅಜ್ಜನಿಗೆ ಗೊತ್ತಿದ್ದದ್ದು ಇಷ್ಟೇ ಇದ್ದರೂ ಎರಡು ರಾತ್ರಿಗೆ ಸಾಕಾಗುತ್ತಿತ್ತು. ದೂರದರ್ಶಕ ಬೇಡ, ಆ್ಯಪು ಬೇಡ. ಬೀದಿದೀಪ ಕಡಿಮೆ ಇರುವ ಊರು ಬೇಕು, ಅದೀಗ ದುಬಾರಿ.

ಹಗಲು ಹನ್ನೆರಡರಿಂದ ಮೂರರವರೆಗೆ ಎಲ್ಲ ಸೀಮೆಗಳಲ್ಲೂ ಕರ್ಫ್ಯೂ. ಆಗ ಮಕ್ಕಳು ಇಳಿಯುವುದು ನೆಲದಾಟಕ್ಕೆ. ಚೌಕಾಬಾರಕ್ಕೆ ಬೇಕಾದ್ದು ಒಂದು ಸುಣ್ಣದ ಕಡ್ಡಿ ಅಥವಾ ಇಟ್ಟಿಗೆ ಚೂರು. ಜಗಲಿಯ ಮೇಲೆ ಐದಕ್ಕೆ ಐದರ ಇಪ್ಪತ್ತೈದು ಮನೆ, ನಾಲ್ಕು ಬದಿಯ ನಡುವಿನ ಮನೆಗೂ ಮಧ್ಯದ ಮನೆಗೂ ಕತ್ತರಿ ಗುರುತು. ನಾಲ್ವರು ಆಟಗಾರರು, ತಲಾ ನಾಲ್ಕು ಕಾಯಿ: ಒಬ್ಬರಿಗೆ ಬಳೆ ಚೂರು, ಒಬ್ಬರಿಗೆ ಕಡಲೆಬೀಜ, ಇನ್ನೊಬ್ಬರಿಗೆ ಬೆಂಕಿಕಡ್ಡಿ ತುಂಡು, ಮತ್ತೊಬ್ಬರಿಗೆ ಕಲ್ಲು. ಕವಡೆ ಇಲ್ಲದ ಮನೆಯಲ್ಲಿ ನಾಲ್ಕು ಹುಣಸೆ ಬೀಜದ ಒಂದು ಬದಿಯನ್ನು ಕಲ್ಲಿಗೆ ತೇಯ್ದು ಬಿಳಿ ಮಾಡಿಕೊಳ್ಳುತ್ತಾರೆ. ತೇಯ್ದ ಬೀಜ ಸುಡುವಷ್ಟು ಬಿಸಿಯಾಗುತ್ತದೆ. ಅದನ್ನು ಪಕ್ಕದವನ ತೋಳಿಗೆ ಅಂಟಿಸದೆ ಆಟ ಆರಂಭವಾದ ದಾಖಲೆ ಇಲ್ಲ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬ ಕಟ್ಟಳೆಯಿಂದಾಗಿ ಸಾಧು ಸ್ವಭಾವದ ಮಗುವೂ ಯಾರದಾದರೂ ಬೆನ್ನು ಹತ್ತಲೇಬೇಕು.

ಆಡುವವರು ನಾಲ್ವರು, ಮನೆಯಲ್ಲಿರುವವರು ಹನ್ನೊಂದು. ಉಳಿದ ಏಳು ಮಂದಿ ಎಲ್ಲಿ ಹೋದರು? ಸಲಹೆಗಾರರಾದರು. ಪ್ರತಿ ಆಟಗಾರನ ಹಿಂದೆ ಒಬ್ಬಿಬ್ಬರು ‘ಅದನ್ನು ನಡೆಸು, ಇದನ್ನು ಕಡಿ’ ಎಂದು ಕಿವಿಯಲ್ಲಿ ಊದುತ್ತಿರುತ್ತಾರೆ. ನಾಲ್ಕು ಮಂದಿಯ ಆಟಕ್ಕೆ ಹನ್ನೊಂದು ಮಂದಿಯ ಗಲಾಟೆ. ಒಂದು ಮಧ್ಯಾಹ್ನ ಅದರಲ್ಲೇ ಮುಗಿಯುತ್ತದೆ.

ಈ ನೆಲದಾಟಗಳನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರೆಂದರೆ, 1794ರಿಂದ 1868ರವರೆಗೆ ಬದುಕಿದ್ದ ಆ ಅರಸರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಇಂಥ ಆಟಗಳಿಗೂ ಮೀಸಲು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಮನೆಗಳ ಚಿತ್ರಗಳನ್ನು ಕಾಣಬಹುದು. ಇತ್ತೀಚಿನ ವರ್ಷಗಳಲ್ಲಿ ಅದೇ ಊರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಪಗಡೆ, ಚೌಕಾಬಾರ, ಅಳಗುಳಿಮಣೆ, ಹುಲಿಕಟ್ಟುಗಳನ್ನು ಕುಶಲಕರ್ಮಿಗಳಿಂದ ಹೊಸದಾಗಿ ಮಾಡಿಸಿ ಮುಂದಿಟ್ಟಿದೆ. ಚೆಂದದ ಕುಸುರಿ ಕೆಲಸ. ಆದರೂ ಜಗಲಿಯ ಮೇಲೆ ಇಟ್ಟಿಗೆ ಚೂರಿನಲ್ಲಿ ಗೀಚಿದ ಮನೆಗೆ ಒಂದು ಅನುಕೂಲ ಇದೆ: ಸೋತವನು ಸಿಟ್ಟಿಗೆದ್ದು ಕಾಲಿನಿಂದ ಒರೆಸಿಬಿಡಬಹುದು. ಅಂದಹಾಗೆ ತುಳುನಾಡಿನಲ್ಲಿ ಚೆನ್ನೆಮಣೆ ಎನ್ನುವ ಅಳಗುಳಿಮಣೆ ಆಟಿ ತಿಂಗಳ ಮಳೆಗಾಲದ ಆಟ. ಬೇಸಿಗೆಯಲ್ಲಿ ಅದನ್ನು ಅಟ್ಟದಿಂದ ಇಳಿಸಲು ಕೆಲವು ಮನೆಯ ಹಿರಿಯರು ಒಪ್ಪುವುದಿಲ್ಲ.

ಮೂರು ಗಂಟೆಯ ಮೇಲೆ ಅಂಗಳ. ಲಗೋರಿ, ಚಿನ್ನಿದಾಂಡು, ಮರಕೋತಿ, ಕುಂಟೆಬಿಲ್ಲೆ. ಪಕ್ಷ ಆರಿಸುವ ಹೊತ್ತಿಗೆ ಮಕ್ಕಳು ಇಬ್ಬಿಬ್ಬರಾಗಿ ದೂರ ಹೋಗಿ ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು ನಾಯಕರ ಮುಂದೆ ನಿಲ್ಲುತ್ತಾರೆ: ‘ಮಾವು ಬೇಕೋ, ಹಲಸು ಬೇಕೋ?’ ಸಮಬಲದವರು ಜೋಡಿಯಾಗಿ ಹೋಗುವುದರಿಂದ ಎರಡೂ ಪಕ್ಷ ಸರಿಸಮ. ಯಾವ ದೊಡ್ಡವರೂ ಹೇಳಿಕೊಟ್ಟದ್ದಲ್ಲ ಇದು. ಇನ್ನು ನಾಲ್ಕೈದು ವರ್ಷದ ಬಾಲಗಳು ಇರುತ್ತವಲ್ಲ, ಅವುಗಳಿಗಾಗಿಯೇ ಕನ್ನಡದಲ್ಲಿ ಒಂದು ಹುದ್ದೆ ಇದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಆ ಮಗು ಎಲ್ಲರ ಜೊತೆ ಓಡುತ್ತದೆ, ಚೆಂಡು ಎಸೆಯುತ್ತದೆ, ಔಟಾದರೂ ಔಟಲ್ಲ. ತಾನು ಲೆಕ್ಕಕ್ಕಿಲ್ಲ ಎಂದು ಅದಕ್ಕೆ ಗೊತ್ತಿಲ್ಲ. ಗೊತ್ತಾದ ದಿನ ಅದು ಬಡ್ತಿ ಕೇಳುತ್ತದೆ. ರಾಜಕೀಯದ ಭಾಷಣಗಳಲ್ಲಿ ಈ ನುಡಿಗಟ್ಟು ಬೈಗುಳವಾಗಿದೆ. ಅಂಗಳದಲ್ಲಿ ಅದು ಔದಾರ್ಯ. ಒಂದೇ ವಯಸ್ಸಿನ ಮೂವತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸುವ ಶಾಲೆಗೆ ಇಂಥ ಹುದ್ದೆ ಬೇಕಾಗುವುದೇ ಇಲ್ಲ. ಹಾಗಾಗಿ ಸಣ್ಣವರ ಮುಂದೆ ಬೇಕೆಂದೇ ಸೋಲುವ ವಿದ್ಯೆಯನ್ನು ಅದು ಕಲಿಸುವುದೂ ಇಲ್ಲ.

ಕರಾವಳಿಯಲ್ಲಿ ಇವಕ್ಕೆಲ್ಲ ಯಕ್ಷಗಾನ ಸೇರಿಕೊಳ್ಳುತ್ತದೆ. ಮೇಳಗಳ ತಿರುಗಾಟ ಮುಗಿಯುವುದು ಮೇ ಕೊನೆಯ ವಾರದ ಪತ್ತನಾಜೆಗೆ. ರಜೆಯ ಬಹುಪಾಲು ದಿನ ಆಸುಪಾಸಿನ ಯಾವುದಾದರೂ ಗದ್ದೆಯಲ್ಲಿ ಆಟ ಇದ್ದೇ ಇರುತ್ತದೆ. ರಾತ್ರಿ ನೋಡಿದ್ದು ಬೆಳಿಗ್ಗೆ ಹಟ್ಟಿಯ ಬದಿಯಲ್ಲಿ ಮರುಪ್ರದರ್ಶನ: ಅಡಿಕೆ ಹಾಳೆಯ ಕಿರೀಟ, ಮಸಿಯ ಮೀಸೆ, ಡಾಲ್ಡಾ ಡಬ್ಬಿಯ ಚೆಂಡೆ. ಮಹಿಷಾಸುರನ ಪಾತ್ರಕ್ಕೆ ಪೈಪೋಟಿ, ದೇವಿಯಾಗಲು ಯಾರೂ ಸಿದ್ಧರಿಲ್ಲ. ಅದೇ ಹಾಳೆ ಸಂಜೆ ವಾಹನ. ಒಬ್ಬರು ಕೂತರೆ ಇನ್ನೊಬ್ಬರು ಎಳೆಯುವುದು. ಚಡ್ಡಿಯ ಹಿಂಬದಿ ಹರಿದಿದ್ದಕ್ಕೆ ಬೈಗುಳ ರಾತ್ರಿಗೆ.

ಇಷ್ಟು ಓದುವಾಗ ಹಳೆಯದೆಲ್ಲ ಚಿನ್ನ ಎನ್ನಿಸಿದರೆ ಅಡುಗೆಮನೆಯೊಳಗೂ ಒಮ್ಮೆ ಇಣುಕಬೇಕು. ಹನ್ನೊಂದು ಮಕ್ಕಳ ಬೆಳಗಿನ ದೋಸೆ ಎಂದರೆ ತಲಾ ನಾಲ್ಕರಂತೆ ನಲವತ್ನಾಲ್ಕು. ಅದು ಸೌದೆ ಒಲೆಯ ಮೇಲೆ, ಬೇಸಿಗೆಯಲ್ಲಿ. ಕೊನೆಯ ದೋಸೆ ಹುಯ್ಯುವ ಹೊತ್ತಿಗೆ ಮೊದಲು ತಿಂದವನಿಗೆ ಮತ್ತೆ ಹಸಿವು. ಮಕ್ಕಳಿಗೆ ರಜೆ, ಗಂಡಸರಿಗೆ ಮಧ್ಯಾಹ್ನದ ನಿದ್ದೆ, ತವರಿಗೆ ಬಂದ ಹೆಣ್ಣುಮಕ್ಕಳಿಗೆ ಒಂದಿಷ್ಟು ವಿಶ್ರಾಂತಿ; ಆ ಮನೆಯ ಸೊಸೆಯಂದಿರಿಗೆ? ಅವರ ಮಕ್ಕಳು ಅವರ ತವರಿಗೆ ಹೋಗುವುದು ಇವರೆಲ್ಲ ಹೊರಟ ಮೇಲೆ, ರಜೆಯ ಕೊನೆಯ ಒಂದು ವಾರ. ಅಜ್ಜಿಮನೆಯ ನೆನಪಿನ ಬರಹಗಳಲ್ಲಿ ಸೋದರಮಾವ ತುಂಬ ಬರುತ್ತಾನೆ, ಅತ್ತೆ ಅಪರೂಪ. ಆಕೆ ಒಲೆಯ ಮುಂದಿದ್ದಳು.

ಅಜ್ಜಿಯರು ಈ ಭಾರ ಇಳಿಸಲು ಕಂಡುಕೊಂಡ ಉಪಾಯಗಳಲ್ಲಿ ಅತಿ ಜಾಣತನದ್ದು ಕೈತುತ್ತು. ರಾತ್ರಿ ಅಂಗಳದಲ್ಲಿ ಮಕ್ಕಳನ್ನು ಅರ್ಧಚಂದ್ರಾಕಾರವಾಗಿ ಕೂರಿಸಿ, ನಡುವೆ ದೊಡ್ಡ ಕೊಳದಪ್ಪಲೆಯಲ್ಲಿ ಹುಳಿಯನ್ನ ಕಲಸಿಕೊಂಡು ಕುಳಿತರೆ ತಟ್ಟೆ ತೊಳೆಯುವ ಕೆಲಸವೇ ಇಲ್ಲ. ತುತ್ತು ಸರದಿಯ ಮೇಲೆ ಬರುತ್ತದೆ. ಅಂಗೈ ನಡುವೆ ಗುಳಿ ಮಾಡಿ ಅದರಲ್ಲಿ ಒಂದು ಹನಿ ತುಪ್ಪ. ಕತೆ ನಿಲ್ಲಬಾರದು, ರಾಕ್ಷಸ ಬಾಗಿಲು ತಟ್ಟುವ ಹೊತ್ತಿಗೆ ಚಾಚಿದ ಕೈಗೆ ಹಾಗಲಕಾಯಿ ಬಿದ್ದರೂ ಗೊತ್ತಾಗುವುದಿಲ್ಲ. ಪಕ್ಕದವನಿಗೆ ದೊಡ್ಡ ತುತ್ತು ಸಿಕ್ಕಿತೆಂಬ ಅನುಮಾನದಲ್ಲೇ ಪ್ರತಿ ಮಗುವೂ ಮನೆಯಲ್ಲಿ ತಿನ್ನುವ ಒಂದೂವರೆ ಪಟ್ಟು ತಿನ್ನುತ್ತದೆ.

ಇನ್ನೊಂದು ನೆರಳು ನೀರಿನದು. ಪ್ರತಿ ಬೇಸಿಗೆಯಲ್ಲೂ ಕೆರೆಗೆ, ಹೊಳೆಗೆ ಇಳಿದ ಮಕ್ಕಳ ಸುದ್ದಿ ಜಿಲ್ಲಾ ಪುಟಗಳಲ್ಲಿ ಬರುತ್ತದೆ. ಅನೇಕ ಸಲ ಎರಡು ಮೂರು ಹೆಸರು ಒಟ್ಟಿಗೇ ಇರುತ್ತವೆ, ಒಬ್ಬನನ್ನು ಎಳೆಯಲು ಹೋಗಿ ಇನ್ನೊಬ್ಬ. ಹಿಂದೆ ಬೆನ್ನಿಗೆ ಒಣ ಸೋರೆ ಬುರುಡೆಯನ್ನೋ ಸಿಪ್ಪೆಸಹಿತ ಒಣ ತೆಂಗಿನಕಾಯಿಯ ಜೋಡಿಯನ್ನೋ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಮೆಟ್ಟಿಲ ಬಾವಿಯಲ್ಲಿ ಈಜು ಕಲಿಸುವ ಮಾವಂದಿರಿದ್ದರು. ಈಗಿನ ನೀರು ಬೇರೆ ಥರದ್ದು. ಹೂಳು, ಮಣ್ಣು ಬಗೆದ ಕೆರೆಗಳಲ್ಲಿ ಜೆಸಿಬಿ ತೋಡಿದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಮೊಣಕಾಲು ನೀರಿನ ಮುಂದಿನ ಹೆಜ್ಜೆಗೆ ಎರಡಾಳು ಆಳ. 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯ ನಂತರ ಒಣಸೀಮೆಯ ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ಅವುಗಳ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲ ದೊಡ್ಡವರೂ ದಡ ಹತ್ತಲಾರರು. ಸುತ್ತ ಬೇಲಿ, ಒಳಗೆ ಇಳಿಬಿಟ್ಟ ಗಂಟುಹಗ್ಗ ಇಲ್ಲದ ಹೊಂಡದ ಬಳಿ ಮಕ್ಕಳ ಗುಂಪನ್ನು ಬಿಡುವಂತಿಲ್ಲ. ಅಜ್ಜಿಮನೆಗೆ ಬಂದ ನಗರದ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ. ಬಂದ ಮೊದಲ ದಿನವೇ ಕರೆದುಕೊಂಡು ಹೋಗಿ ತೋರಿಸಿ ಹೇಳಬೇಕು.

ಹೋಗಲಿ, ಎಲ್ಲ ಸೇರೋಣ ಎಂದರೆ ಕ್ಯಾಲೆಂಡರು ಬಿಡುವುದಿಲ್ಲ. ರಾಜ್ಯ ಪಠ್ಯಕ್ರಮದ ಮಗುವಿಗೆ ಏಪ್ರಿಲ್ ಎರಡನೇ ವಾರದಿಂದಲೇ ರಜೆ. ಕೇಂದ್ರ ಪಠ್ಯಕ್ರಮದ ಅನೇಕ ಶಾಲೆಗಳಲ್ಲಿ ಅದೇ ಏಪ್ರಿಲ್‌ನಲ್ಲಿ ಹೊಸ ತರಗತಿ ಆರಂಭವಾಗಿರುತ್ತದೆ. ಮುಂಬೈನಲ್ಲಿ ನೆಲೆಸಿದ ಕರಾವಳಿಯವರ ಮಕ್ಕಳಿಗೆ ಮೇ ತಿಂಗಳು ಬಿಡುವು, ಶಾಲೆ ಮತ್ತೆ ತೆರೆಯುವುದು ಜೂನ್ ನಡುವಿಗೆ. ಅಮೆರಿಕದಲ್ಲಿರುವ ಕನ್ನಡಿಗರ ಮಕ್ಕಳಿಗೆ ಬೇಸಿಗೆ ರಜೆ ಎಂದರೆ ಜೂನ್‌ನಿಂದ ಆಗಸ್ಟ್. ಕೊಲ್ಲಿ ರಾಷ್ಟ್ರಗಳಲ್ಲಿ ಜುಲೈ, ಆಗಸ್ಟ್. ಅವರು ಅಜ್ಜಿಮನೆಗೆ ಬಂದಿಳಿಯುವ ಹೊತ್ತಿಗೆ ಹಲಸು ಮುಗಿದು ಮಳೆ ಹಿಡಿದಿರುತ್ತದೆ, ಇಲ್ಲಿಯ ಅಣ್ಣತಮ್ಮಂದಿರು ಮೊದಲ ಕಿರುಪರೀಕ್ಷೆಗೆ ಓದುತ್ತಿರುತ್ತಾರೆ. ಪರದೇಶದ ಮಗು ಒಂಟಿಯಾಗಿ ಜಗಲಿಯ ಮೇಲೆ ಕುಳಿತು ಮಳೆ ನೋಡುತ್ತದೆ, ಕೈಯಲ್ಲಿ ಟ್ಯಾಬ್. ಅದನ್ನು ಬೈದು ಪ್ರಯೋಜನವಿಲ್ಲ.

ಪರದೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮಕ್ಕಳ ರಜೆಯನ್ನು ಟೀವಿ ನುಂಗಿತು ಎಂದು ದೂರುತ್ತ ಬಂದ ತಲೆಮಾರೇ, ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ನೋಡಲು ಇಡೀ ಬೀದಿಯ ಮಕ್ಕಳೊಂದಿಗೆ ಒಬ್ಬರ ಮನೆಯ ಕಿಟಕಿಗೆ ಜೋತುಬಿದ್ದದ್ದು. 2008ರಿಂದ ಐಪಿಎಲ್ ಸರಿಯಾಗಿ ಏಪ್ರಿಲ್, ಮೇ ತಿಂಗಳ ಸಂಜೆಗಳಿಗೇ ಬಂದು ಕೂತಿತು. ಆದರೆ ಒಂದು ಟೀವಿಯ ಮುಂದೆ ಹನ್ನೊಂದು ಮಕ್ಕಳು ಕೂತರೆ ಅದೂ ಒಂದು ಆಟವೇ: ಕೂಗಾಟ, ಪಂಥ, ರಿಮೋಟಿಗಾಗಿ ಕಾದಾಟ. ಕೆಟ್ಟದ್ದು ತಲೆಗೊಂದು ಫೋನ್. ಹನ್ನೊಂದು ಮಕ್ಕಳು ಒಂದೇ ಕೋಣೆಯಲ್ಲಿ ಹನ್ನೊಂದು ಮೂಲೆ ಹುಡುಕಿಕೊಂಡರೆ ಮನೆ ನಿಶ್ಶಬ್ದವಾಗುತ್ತದೆ. ಆ ನಿಶ್ಶಬ್ದಕ್ಕೆ ದೊಡ್ಡವರು ಬೇಗ ಮರುಳಾಗುತ್ತಾರೆ.

ಅಜ್ಜಿಮನೆ ಇಲ್ಲದವರಿಗೆ ಶಿಬಿರಗಳಿವೆ. ಮೈಸೂರಿನ ರಂಗಾಯಣವನ್ನು 1989ರಲ್ಲಿ ಕಟ್ಟಿದವರು ಬಿ.ವಿ. ಕಾರಂತರು, ಅಲ್ಲಿ ಬೇಸಿಗೆಯಲ್ಲಿ ನಡೆಯುವ ಚಿಣ್ಣರ ಮೇಳ ಮಕ್ಕಳ ರಂಗಶಿಬಿರಗಳಿಗೆ ಮಾದರಿಯಾಗಿ ನಿಂತಿದೆ. ನಾಟಕಕ್ಕೆ ಹಪ್ಪಳದ ಗುಣವೇ ಇದೆ. ಕೊನೆಯ ದಿನ ಪ್ರದರ್ಶನ ಆಗಲೇಬೇಕು, ಮರವಾಗಿ ನಿಲ್ಲುವವನು ಬರದಿದ್ದರೆ ಕಾಡು ಬೋಳು. ಅದಕ್ಕೂ ಹಿಂದೆ ಪುತ್ತೂರಿನಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಕಟ್ಟಿಕೊಂಡು ನಡೆಸಿದ ಪ್ರಯೋಗಗಳ ನೆಲ ಇವತ್ತಿಗೂ ಬಾಲವನವೆಂದೇ ಹೆಸರಾಗಿದೆ. ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಬರೆದವರೂ ಅವರೇ. ಬೆಂಗಳೂರಿನ ಕಬ್ಬನ್ ಪಾರ್ಕಿನ ಜವಾಹರ ಬಾಲಭವನ ಇನ್ನೂ ನಗರದ ಮಕ್ಕಳಿಗೆ ಕಡಿಮೆ ಖರ್ಚಿನ ಜಾಗ.

ಹಳ್ಳಿಗಳಲ್ಲಿ ಸದ್ದಿಲ್ಲದೆ ನಡೆದ ಕೆಲಸ ಗ್ರಾಮ ಪಂಚಾಯಿತಿ ಗ್ರಂಥಾಲಯಗಳದು. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟರು. ಈಗ ‘ಅರಿವು ಕೇಂದ್ರ’ ಎಂದು ಕರೆಯುವ ಈ ಗ್ರಂಥಾಲಯಗಳಲ್ಲಿ ಬೇಸಿಗೆ ಶಿಬಿರಗಳೂ ನಡೆಯುತ್ತಿವೆ. ಎಲ್ಲ ಕಡೆ ಒಂದೇ ಗುಣಮಟ್ಟ ಎನ್ನಲಾಗದು. ಗ್ರಂಥಪಾಲಕರ ಹುಮ್ಮಸ್ಸಿನ ಮೇಲೆ ನಿಂತ ವ್ಯವಹಾರ. ಆದರೂ ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವ ಮನೆಯ ಮಗುವಿಗೆ ಫ್ಯಾನಿನ ಕೆಳಗೆ ಕೂತು ಕೇರಂ ಆಡಲು, ಚಿತ್ರಕತೆ ತಿರುವಲು ಊರಿನಲ್ಲಿ ಬೇರೆ ಜಾಗವಿಲ್ಲ. ಅಂಥ ಮಗುವಿಗೆ ರಜೆ ಎಂದರೆ ಬಿಸಿಯೂಟಕ್ಕೂ ರಜೆ ಎಂಬುದನ್ನು ಮರೆಯಬಾರದು. 2024ರ ಬರದಲ್ಲಿ ಸರ್ಕಾರ 223 ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಲು ತೀರ್ಮಾನಿಸಿದ್ದು ಅದಕ್ಕೇ.

ಮನೆಯಲ್ಲೇ ಮಕ್ಕಳನ್ನು ಕೂಡಿಸಬೇಕೆಂದಿರುವವರಿಗೆ ಈಗ 48 ದಿನ ಸಿಗುವುದಿಲ್ಲ. ಹತ್ತು ದಿನ ಸಿಕ್ಕರೆ ಹೆಚ್ಚು. ಹತ್ತು ದಿನಕ್ಕೆ ಒಂದು ನಿಜವಾದ ಕೆಲಸ ಸಾಕು: ಸಂಡಿಗೆ, ಉಪ್ಪಿನಕಾಯಿ, ಮಾವಿನ ರಸವನ್ನು ಚಾಪೆಗೆ ದಿನಕ್ಕೊಂದು ಪದರ ಹಚ್ಚುವ ಮಾಂಬಳ, ಹಳೆಯ ಕಬ್ಬಿಣದ ಗೇಟಿಗೆ ಬಣ್ಣ, ಅಟ್ಟದ ಟ್ರಂಕಿನ ಫೋಟೊಗಳ ಹಿಂದೆ ಹೆಸರು ಬರೆಯುವುದು. ಫ್ಲ್ಯಾಟಿನ ತಾರಸಿಯಲ್ಲೂ ಸಂಡಿಗೆ ಒಣಗುತ್ತದೆ. ಕಾಗೆಯ ಬದಲು ಪಾರಿವಾಳ ಬರುತ್ತದೆ, ಅಷ್ಟೇ ವ್ಯತ್ಯಾಸ. ಅಡುಗೆಯ ಪಾಳಿಯನ್ನು ಮೊದಲೇ ಬರೆದು ಗೋಡೆಗೆ ಅಂಟಿಸಿ, ಅದರಲ್ಲಿ ಅಪ್ಪ, ಮಾವ, ಚಿಕ್ಕಪ್ಪಂದಿರ ಹೆಸರೂ ಇರಲಿ.

ಮತ್ತು ದಿನಾಂಕ ಬೇಗ ಗೊತ್ತುಮಾಡಿಕೊಳ್ಳಿ. 2024ರ ನವೆಂಬರ್‌ನಿಂದ ರೈಲಿನ ಮುಂಗಡ ಟಿಕೆಟ್ 120 ದಿನಗಳ ಬದಲು 60 ದಿನ ಮೊದಲು ಸಿಗುತ್ತದೆ. ಮೇ ಮೊದಲ ವಾರ ಎಲ್ಲ ಮಕ್ಕಳೂ ಅಜ್ಜಿಮನೆಯಲ್ಲಿರಬೇಕೆಂದರೆ ಬೆಂಗಳೂರಿನವರು, ಮುಂಬೈಯವರು, ಹುಬ್ಬಳ್ಳಿಯವರು ಫೋನಿನಲ್ಲಿ ಮಾತಾಡಿಕೊಳ್ಳಬೇಕಾದ್ದು ಫೆಬ್ರುವರಿಯಲ್ಲಿ.